ಅಪ್ಪಾ ಎಂದರೆ ಎಲ್ಲರೂ ತಿರುಗುವ ಊರು

ದಕ್ಷಿಣ ಕೊರಿಯಾದ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ಕಾಯುತ್ತ ನಿಂತಿದ್ದಾಗ ಮಗ "ಅಪ್ಪಾ!" ಎಂದು ಕೂಗಿದ. ಅವನ ಅಪ್ಪನ ಜೊತೆಗೆ ಇನ್ನೂ ಮೂವರು ಗಂಡಸರು ತಿರುಗಿ ನೋಡಿದರು. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಪುಟ್ಟ ಹುಡುಗಿ "ಅಪ್ಪಾ, ಅಪ್ಪಾ" ಎನ್ನುತ್ತ ಓಡಿಬಂದು ಆ ಮೂವರಲ್ಲೊಬ್ಬರ ಕಾಲನ್ನು ತಬ್ಬಿಕೊಂಡಳು. ಹದಿನಾಲ್ಕು ವರ್ಷದ ನನ್ನ ಮಗ ಬಾಯಿ ಬಿಟ್ಟುಕೊಂಡು ನಿಂತ. ನಾವಿರುವ ಅಮೆರಿಕದ ಮಿನ್ನೆಸೋಟದಲ್ಲಿ ಆ ಪದ ನಮ್ಮ ಮನೆಯದು ಮಾತ್ರ. ಶಾಲೆಯ ಗೇಟಿನಲ್ಲೋ ಅಂಗಡಿಯಲ್ಲೋ ಅವನು ಹಾಗೆ ಕೂಗಿದರೆ ತಿರುಗುವ ತಲೆ ಒಂದೇ. "ಅಮ್ಮ, ಇಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ," ಎಂದ.

ಕೊರಿಯನ್ ಮಕ್ಕಳೂ ಅಪ್ಪನನ್ನು ಅಪ್ಪ ಎಂದೇ ಕರೆಯುತ್ತಾರೆ, ಅಮ್ಮನನ್ನು 'ಒಮ್ಮ' ಎನ್ನುತ್ತಾರೆ. ಇದು ನಮಗೆ ಹೊಸದೇನಲ್ಲ. ದತ್ತು ತೆಗೆದುಕೊಳ್ಳುವ ದಿನಗಳಲ್ಲಿ ಇದನ್ನೇ ಶುಭಶಕುನವೆಂಬಂತೆ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ್ದೆವು. ಮಕ್ಕಳು ನಮಗಿಂತ ಮೊದಲೇ ಈ ಪದಗಳನ್ನು ಯಾರದೋ ಬಾಯಲ್ಲಿ ಕೇಳಿಸಿಕೊಂಡಿರಬಹುದು ಎಂದು ಮಾತ್ರ ಆಗ ಹೊಳೆದಿರಲಿಲ್ಲ.

ನಾನು ಸಾಗರದ ಕಡೆಯವಳು, ನಮ್ಮ ಮನೆಯವರು ಹಾಸನದವರು. ಅಮೆರಿಕಕ್ಕೆ ಬಂದು ಮೂವತ್ತು ವರ್ಷವಾಯಿತು. ಮಗಳು 2007ರ ಜನವರಿಯಲ್ಲಿ ಡೇಗು ನಗರದಲ್ಲಿ ಹುಟ್ಟಿದವಳು. ಹನ್ನೊಂದು ತಿಂಗಳಾಗಿದ್ದಾಗ ನಮ್ಮ ಮಡಿಲಿಗೆ ಬಂದಳು. ಮಗ 2010ರವನು, ಹದಿನಾಲ್ಕು ತಿಂಗಳಿಗೆ ಬಂದ. ಇಬ್ಬರನ್ನು ಹೆತ್ತವರು ಬೇರೆ ಬೇರೆ. "ನಮ್ಮ ದೇಶದಲ್ಲಿ ಮಕ್ಕಳಿರಲಿಲ್ಲವೇ?" ಎಂದು ಊರಿನಲ್ಲಿ ಕೇಳದವರಿಲ್ಲ. ಅವರಿಗೆ ಹೇಳಿದ ಕಾರಣಗಳು ಹಲವು; ನಿಜವಾದ ಕಾರಣ ಒಂದೇ. ಮಿನ್ನೆಸೋಟದಲ್ಲಿ ಕೊರಿಯಾದ ದಾರಿ ಸವೆದು ನುಣುಪಾಗಿತ್ತು. ದಶಕಗಳಿಂದ ಅಲ್ಲಿಗೆ ಕೊರಿಯಾದ ಮಕ್ಕಳು ಬಂದಿದ್ದರು, ನಮ್ಮ ಬೀದಿಯಲ್ಲೇ ಇಬ್ಬರಿದ್ದರು. ಅರ್ಜಿ ಎಲ್ಲಿ, ಸಂದರ್ಶನ ಯಾವಾಗ, ಎಷ್ಟು ತಿಂಗಳು ಕಾಯಬೇಕು, ಎಲ್ಲವನ್ನೂ ಅವರು ಬೆರಳ ತುದಿಯಲ್ಲಿ ಹೇಳುತ್ತಿದ್ದರು. ಅಷ್ಟು ಸರಾಗವಾಗಿದ್ದದ್ದೇ ನಮಗೆ ಅನುಮಾನ ಹುಟ್ಟಿಸಬೇಕಿತ್ತು. ಕೊರಿಯಾ ಯುದ್ಧದ ಅನಾಥರಿಗೆಂದು ತೆರೆದ ಬಾಗಿಲು ಅದು. 1955ರಲ್ಲಿ ಒರೆಗಾನ್‌ನ ಹ್ಯಾರಿ ಹೋಲ್ಟ್ ಎಂಬ ರೈತ ಮತ್ತು ಅವರ ಹೆಂಡತಿ ಬರ್ತಾ ಎಂಟು ಮಕ್ಕಳನ್ನು ತಂದುಕೊಂಡಿದ್ದರು. ಯುದ್ಧ ನಿಂತು ಮೂವತ್ತು ವರ್ಷ ಕಳೆದು, ಆ ದೇಶ ಕಾರು, ಟೀವಿಗಳನ್ನು ಜಗತ್ತಿಗೆಲ್ಲ ಮಾರುತ್ತಿದ್ದ 1985ರಲ್ಲಿ, ಒಂದೇ ವರ್ಷ 8,837 ಮಕ್ಕಳು ಆ ಬಾಗಿಲಿನಿಂದ ಹೊರಗೆ ಹೋದರು. ಅಷ್ಟರಲ್ಲಿ ಅವರು ಯುದ್ಧದ ಮಕ್ಕಳಾಗಿ ಉಳಿದಿರಲಿಲ್ಲ. ಹೆಚ್ಚಿನವರು ಮದುವೆಯಾಗದ ಹುಡುಗಿಯರ ಮಕ್ಕಳು. ಈ ಲೆಕ್ಕವನ್ನು ನಾನು ಓದಿದ್ದು ಇಬ್ಬರೂ ಮನೆಗೆ ಬಂದು ಎಷ್ಟೋ ವರ್ಷಗಳ ಮೇಲೆ.

ಆಗೆಲ್ಲ ಮಕ್ಕಳನ್ನು ಬೆಂಗಾವಲಿನವರೊಬ್ಬರು ವಿಮಾನದಲ್ಲಿ ಕರೆತಂದು ಒಪ್ಪಿಸುವ ಪದ್ಧತಿಯಿತ್ತು. ನಾವೂ ಹಾಗೆಯೇ ನಿಲ್ದಾಣದಲ್ಲಿ ನಿಂತು ಪಡೆದುಕೊಂಡೆವು. ಮಗಳು ಮೊದಲ ಹನ್ನೆರಡು ರಾತ್ರಿ ಅತ್ತಳು. ಹಸಿವಿನ ಅಳುವಲ್ಲ, ಜ್ವರದ ಅಳುವಲ್ಲ, ಯಾರನ್ನೋ ಕರೆಯುವ ಅಳು. ಹಗಲು ರಾತ್ರಿ ಅದಲುಬದಲಾಗಿದೆ, ಸರಿಹೋಗುತ್ತದೆ ಎಂದರು ವೈದ್ಯರು. ಸಹಾಯಕ್ಕೆಂದು ಊರಿನಿಂದ ಬಂದಿದ್ದ ನನ್ನ ಅಮ್ಮ ಹಳೆಯ ಹತ್ತಿ ಸೀರೆಯಲ್ಲಿ ಜೋಲಿ ಕಟ್ಟಿ ತೂಗಿದರು. ಮಗು ಜೋಲಿಯಲ್ಲೇ ಎದ್ದು ಕುಳಿತು ಅತ್ತಿತು. ಹದಿಮೂರನೆಯ ರಾತ್ರಿ ನನ್ನ ಪಕ್ಕ ಮಲಗಿದ್ದವಳು ಕೈ ಚಾಚಿ, ನನ್ನ ಕಿವಿಯ ಹಾಲೆಯನ್ನು ಎರಡು ಬೆರಳಿನಲ್ಲಿ ಹಿಡಿದು, ಮೆಲ್ಲಗೆ ಉಜ್ಜುತ್ತ ಉಜ್ಜುತ್ತ ನಿದ್ದೆಹೋದಳು. ಓಲೆ ಬಿಚ್ಚಿಟ್ಟವಳು ಆರು ವರ್ಷ ಮತ್ತೆ ಹಾಕಿಕೊಳ್ಳಲಿಲ್ಲ. ಅವಳು ನನ್ನವಳಾದದ್ದು ಆ ರಾತ್ರಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ.

ಕೊರಿಯಾಕ್ಕೆ ಹೋಗೋಣ ಎಂದು ಎತ್ತಿದವಳು ಮಗಳೇ. ಕಾಲೇಜಿಗೆ ಹೋಗುವ ಮೊದಲು ತನ್ನ ಕಡತ ನೋಡಬೇಕು ಎಂದಳು. ಮಗ ನೇರವಾಗಿ "ನನಗೆ ಬೇಡ" ಎಂದ. ಅವನಿಗೆ ಬೇಕಿದ್ದದ್ದು ಜಾಮ್ಸಿಲ್ ಕ್ರೀಡಾಂಗಣದಲ್ಲಿ ಒಂದು ಬೇಸ್‌ಬಾಲ್ ಪಂದ್ಯ. ತಿದ್ದುಪಡಿಯಾಗಿ 2012ರಲ್ಲಿ ಜಾರಿಗೆ ಬಂದ ಅಲ್ಲಿನ ದತ್ತು ಕಾನೂನು ತನ್ನ ಮಾಹಿತಿಯನ್ನು ಕೇಳುವ ಹಕ್ಕನ್ನು ದತ್ತುಹೋದವರಿಗೆ ಕೊಟ್ಟಿತ್ತು. ಮಗಳಿಗೆ ಹದಿನೇಳು, ಹಾಗಾಗಿ ನಮ್ಮ ಒಪ್ಪಿಗೆಯ ಸಹಿಯೂ ಬೇಕಾಯಿತು. ಹಕ್ಕಿದೆ ಎಂದ ಮಾತ್ರಕ್ಕೆ ಎಲ್ಲವೂ ಸಿಗುವುದಿಲ್ಲ. ಹೆತ್ತವರ ಹೆಸರು, ವಿಳಾಸ ಕೊಡಬೇಕಾದರೆ ಅವರು ಒಪ್ಪಬೇಕು. ಒಪ್ಪಿಗೆ ಕೇಳಲು ಆಗ ದತ್ತು ಸಂಸ್ಥೆಯವರು ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಹಾಕುತ್ತಿದ್ದರು. ನಾವು ಫೆಬ್ರುವರಿಯಲ್ಲಿ ಅರ್ಜಿ ಕಳಿಸಿದೆವು. ಮೊದಲ ಕಾಗದ ವಿಳಾಸದಾರರಿಲ್ಲ ಎಂದು ಹಿಂದೆ ಬಂತು. ಎರಡನೆಯದನ್ನು ಯಾರೋ ಸಹಿ ಮಾಡಿ ತೆಗೆದುಕೊಂಡಿದ್ದರು. ಆ ಮೇಲೆ ಸುದ್ದಿಯಿಲ್ಲ. ವಾರಗಟ್ಟಲೆ ಮಗಳು ಬೆಳಿಗ್ಗೆ ಎದ್ದ ತಕ್ಷಣ ಮಿಂಚಂಚೆ ತೆರೆಯುವುದನ್ನು ನೋಡುತ್ತ, ನನಗೂ ಅವಳಷ್ಟೇ ಆತುರವಿದೆ ಎಂದು ತೋರಿಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಉತ್ತರ ಬಾರದ ಪ್ರತಿ ದಿನವೂ ನನ್ನೊಳಗೆ ಯಾರೋ ಉಸಿರು ಬಿಡುತ್ತಿದ್ದರು.

2024ರ ಜುಲೈ ಮೊದಲ ವಾರ ರಾಜಧಾನಿ ಸೋಲ್ ತಲುಪಿದಾಗ ಅವರ ಮಳೆಗಾಲ ಶುರುವಾಗಿತ್ತು. 'ಜಾಂಗ್ಮಾ' ಎನ್ನುತ್ತಾರೆ. ಸಾಗರದ ಆಷಾಢದವಳಿಗೆ ಅದೇನು ಹೊಸದಲ್ಲ. ಬಟ್ಟೆ ಒಣಗದ ವಾಸನೆಯೂ ಅದೇ. ಹೊಸದಾಗಿದ್ದದ್ದು ನಮ್ಮ ನಾಲ್ವರ ಸ್ಥಾನಪಲ್ಲಟ. ಅಮೆರಿಕದಲ್ಲಿ ನಮ್ಮನ್ನು ಒಟ್ಟಾಗಿ ನೋಡಿದವರು ಮೊದಲು ಮಕ್ಕಳ ಮುಖ ನೋಡಿ, ಆಮೇಲೆ ನಮ್ಮ ಮುಖ ನೋಡಿ, ಲೆಕ್ಕ ಕೂಡದೆ ನಗುತ್ತಾರೆ. ಇಲ್ಲಿ ಮಕ್ಕಳು ಗುಂಪಿನಲ್ಲಿ ಕರಗಿಹೋದರು, ಎದ್ದು ಕಾಣುತ್ತಿದ್ದವರು ನಾವಿಬ್ಬರೇ. ಹೋಟೆಲಿನ ಹುಡುಗಿ ನಮ್ಮ ಮಗಳನ್ನು ಭಾರತೀಯ ಪ್ರವಾಸಿಗರ ಗೈಡ್ ಎಂದುಕೊಂಡು ಬೀಗದ ಕಾರ್ಡುಗಳನ್ನು ಅವಳ ಕೈಗೆ ಕೊಟ್ಟು ಕೊರಿಯನ್‌ನಲ್ಲಿ ಏನೇನೋ ವಿವರಿಸಿದಳು. ಮಗಳಿಗೆ ಒಂದಕ್ಷರ ತಿಳಿಯಲಿಲ್ಲ. ಮೆಟ್ರೋದಲ್ಲಿ ಪಕ್ಕ ಕುಳಿತ ಅಜ್ಜಿಯೊಬ್ಬರು ಏನೋ ಕೇಳಿ, ಉತ್ತರ ಬಾರದಿದ್ದಾಗ ಗದರಿಯೇ ಬಿಟ್ಟರು. ಮಗಳು ಕೆಂಪಾದಳು. ಹೊರಗಿನವಳಂತೆ ಕಂಡು ಹೊರಗಿನವಳಾಗಿರುವುದು ಅವಳಿಗೆ ರೂಢಿ. ಒಳಗಿನವಳಂತೆ ಕಂಡೂ ಹೊರಗಿನವಳಾಗಿರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬೇಸಿಗೆ ಶಿಬಿರಗಳಲ್ಲಿ ನಾವು ಕಲಿಸಿದ್ದು ಬೀಸಣಿಗೆ ನೃತ್ಯ, ಕಿಮ್ಚಿ ಮಾಡುವುದು, ಹತ್ತು ತನಕ ಎಣಿಕೆ.

ಸಂಸ್ಥೆಯ ಕಚೇರಿಯಲ್ಲಿ ನಮ್ಮನ್ನು ಕೂರಿಸಿದ್ದು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಮೊದಲೇ ಇತ್ತು. ಸಮಾಜ ಕಾರ್ಯಕರ್ತೆ ತಂದ ಕಡತ ನಮ್ಮ ಮನೆಯಲ್ಲಿದ್ದದ್ದಕ್ಕಿಂತ ಮೂರು ಪಟ್ಟು ದಪ್ಪ. ಹೆಸರು, ವಿಳಾಸಗಳಿರುವ ಕಡೆ ಬಿಳಿ ಕಾಗದ ಇಟ್ಟು ಕ್ಲಿಪ್ ಹಾಕಿದ್ದರು. ಆಕೆ ಓದುತ್ತ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

ಮೊದಲು ಬಂದದ್ದು 'ಹೊಜೊಕ್', ಕುಟುಂಬದ ದಾಖಲೆ. ಅಮೆರಿಕದ ವೀಸಾ ಸಿಗುತ್ತಿದ್ದದ್ದು 'ಅನಾಥ' ಎಂಬ ವರ್ಗದಲ್ಲಿ. ಅದಕ್ಕಾಗಿ ಮಗುವಿನ ಹೆಸರಿನಲ್ಲೇ ಬೇರೊಂದು ಕುಟುಂಬವನ್ನು ದಾಖಲೆಯಲ್ಲಿ ಹುಟ್ಟುಹಾಕುತ್ತಿದ್ದರು. ಮನೆಯ ಯಜಮಾನರು: ಮೂರು ತಿಂಗಳ ಹೆಣ್ಣುಮಗು. ತಂದೆ: ಖಾಲಿ. ತಾಯಿ: ಖಾಲಿ. ವಂಶಮೂಲ: ಹಾನ್ಯಾಂಗ್, ಅಂದರೆ ಸೋಲ್ ನಗರದ ಹಳೆಯ ಹೆಸರು. ಡೇಗುವಿನಲ್ಲಿ ಹುಟ್ಟಿದ ಮಗುವಿಗೆ ಸೋಲ್ ಮೂಲ ಹೇಗೆ ಬಂತು ಎಂದು ಕೇಳಿದೆ. ಏನಾದರೂ ಬರೆಯಲೇಬೇಕಿತ್ತು, ಎಂದರು ಆಕೆ. ನನಗೆ ಹಾಸನದ ಮನೆಯ ನಾಮಕರಣ ನೆನಪಾಯಿತು. ಸಂಕಲ್ಪದ ಮಧ್ಯೆ ಪುರೋಹಿತರು ಮಗುವಿನ ಗೋತ್ರ ಯಾವುದು ಎಂದು ತಡವರಿಸಿದಾಗ ಮಾವನವರು ತಮ್ಮದನ್ನೇ ಗಟ್ಟಿಯಾಗಿ ಹೇಳಿ ಮುಂದೆ ನಡೆಸಿ ಎಂದಿದ್ದರು. ಆ ಹೊತ್ತಿಗೆ ಹೆಮ್ಮೆಯಿಂದ ಕಣ್ಣೊರೆಸಿಕೊಂಡಿದ್ದೆ. ಈ ಕೋಣೆಯಲ್ಲಿ ಕುಳಿತಾಗ ಅದೂ ಖಾಲಿ ಜಾಗ ತುಂಬುವ ಕೆಲಸವೇ ಆಗಿತ್ತಲ್ಲ ಅನಿಸಿತು. ಹೊಜೊಕ್ ಪದ್ಧತಿಯನ್ನು ಕೊರಿಯಾ 2008ರಲ್ಲಿ ಕೈಬಿಟ್ಟಿತು. ನನ್ನ ಮಗಳಂಥವರು ಅದರ ಕೊನೆಯ ಯಜಮಾನರು.

ಆಮೇಲೆ ತಾಯಿಯ ಪುಟ. ವಯಸ್ಸು ಇಪ್ಪತ್ತೊಂದು. ಹೈಸ್ಕೂಲು ಮುಗಿಸಿದ್ದಾಳೆ, ಮದುವೆಯಾಗಿಲ್ಲ. ಮಾತು ಕಡಿಮೆ. ಎತ್ತರ 169 ಸೆಂಟಿಮೀಟರ್. ಮಗಳು ತಟ್ಟನೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಎಂಟನೇ ತರಗತಿಯಿಂದಲೂ ತನ್ನ ಎತ್ತರಕ್ಕೆ ನಾಚಿ ಕೂನಿಕೊಂಡೇ ನಡೆಯುವ ಹುಡುಗಿ ಅವಳು. ಹದಿನೇಳು ವರ್ಷದಲ್ಲಿ ನಾನು ಸಾವಿರ ಸಲ "ನೆಟ್ಟಗೆ ಕೂರು" ಎಂದಿದ್ದೆ.

ಕೊನೆಯಲ್ಲಿ ಒಂದು ತೆಳು ಪುಸ್ತಕ. ಹುಟ್ಟಿದ ಹತ್ತನೆಯ ದಿನದಿಂದ ವಿಮಾನ ಹತ್ತುವ ತನಕ ಮಗಳನ್ನು ಸಾಕಿದ ಮನೆಯ ದಾಖಲೆ ಅದು. ತಿಂಗಳು ತಿಂಗಳು ತೂಕ, ಕುಡಿದ ಹಾಲಿನ ಅಳತೆ, ಹಾಕಿಸಿದ ಲಸಿಕೆ, ಪಕ್ಕದಲ್ಲಿ ಒಂದೆರಡು ಸಾಲು. "ಎಂಟನೆಯ ತಿಂಗಳು. ಹೊಸಬರ ಮುಖ ಕಂಡರೆ ಅಳುತ್ತದೆ. ರಾತ್ರಿ ಬೆನ್ನಿಗೆ ಕಟ್ಟಿಕೊಂಡರೆ ಮಾತ್ರ ಮಲಗುತ್ತದೆ." ನಮಗೆ ಆಗ ಕಳಿಸಿದ ಇಂಗ್ಲಿಷ್ ಸಾರಾಂಶದಲ್ಲಿ ಇದ್ದದ್ದು ಇಷ್ಟೇ: ಶಾಂತ ಸ್ವಭಾವದ ಮಗು, ಚೆನ್ನಾಗಿ ನಿದ್ದೆ ಮಾಡುತ್ತದೆ. ಹನ್ನೆರಡು ರಾತ್ರಿಗಳ ಉತ್ತರ ಒಂದು ಸಾಲಿನಲ್ಲಿ ಇತ್ತು, ಅನುವಾದ ಮಾಡುವವರು ಬಿಟ್ಟಿದ್ದರು. ಕೇಳಿದಾಗ ಆಗ ಹಾಗೆಯೇ ಮಾಡುತ್ತಿದ್ದರು ಎಂಬ ಸಮಾಧಾನ ಸಿಕ್ಕಿತು. ನಮ್ಮ ಮನೆಯವರು ಸುಮ್ಮನೆ ನನ್ನ ಮಂಡಿಯ ಮೇಲೆ ಕೈ ಇಟ್ಟರು. ಇಲ್ಲದಿದ್ದರೆ ಅಲ್ಲಿ ಒಂದು ಜಗಳವಾಗುತ್ತಿತ್ತು.

ಮಾರನೆಯ ದಿನ ಅದೇ ಕೋಣೆಗೆ ಆ ಸಾಕಿದ ತಾಯಿ ಬಂದರು. ಎಪ್ಪತ್ತು ದಾಟಿದ, ಕುಳ್ಳಗಿನ, ಗುಂಗುರು ಕೂದಲಿನ ಹೆಂಗಸು. ಕೈಯಲ್ಲಿ ಎರಡು ಚೀಲ. ಬಾಗಿಲಲ್ಲೇ ನಿಂತು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಳಬಹುದು ಎಂದುಕೊಂಡಿದ್ದೆ. ಅವರು "ಬಾಪ್ ಮೊಗೊಸ್ಸೊ?" ಎಂದರು. ದುಭಾಷಿ ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿತ್ತು, ಬೀದಿಯಲ್ಲಿ ನಾಲ್ಕು ದಿನದಿಂದ ಕೇಳಿಸಿಕೊಂಡಿದ್ದೆನಲ್ಲ. ಊಟ ಆಯಿತಾ? ನಮ್ಮೂರಿನಲ್ಲಿ ಯಾರೇ ಯಾರನ್ನೇ ಕಂಡರೂ ಮೊದಲು ಕೇಳುವುದು ಇದನ್ನೇ.

ಚೀಲದಿಂದ ಅಕ್ಕಿಹಿಟ್ಟಿನ ತಿಂಡಿ ಬಂತು, ಹೆಚ್ಚಿದ ಪೀಚ್ ಹಣ್ಣು ಬಂತು, ಒಂದು ಆಲ್ಬಂ ಬಂತು. ಅದರಲ್ಲಿ ಬಣ್ಣದ ಹಾನ್‌ಬೊಕ್ ತೊಟ್ಟು, ತಲೆಗೆ ಪುಟ್ಟ ಟೊಪ್ಪಿ ಹಾಕಿಕೊಂಡು, ಹಣ್ಣಿನ ರಾಶಿಯ ಹಿಂದೆ ಗಂಭೀರವಾಗಿ ಕುಳಿತ ಮಗು. ಮೊದಲ ವರ್ಷದ ಹುಟ್ಟುಹಬ್ಬ ಅವರಲ್ಲಿ ದೊಡ್ಡ ಹಬ್ಬ, 'ದೋಲ್' ಎನ್ನುತ್ತಾರೆ. ಮಗು ಹೊರಡುವುದು ಡಿಸೆಂಬರಿನಲ್ಲಿ ಎಂದು ತಿಳಿದು ಅವರು ಒಂದು ತಿಂಗಳು ಮೊದಲೇ ಮಾಡಿ ಮುಗಿಸಿದ್ದರು. ಜನವರಿಯಲ್ಲಿ ನಾವು ಬಲೂನು ಕಟ್ಟಿ ಆಚರಿಸಿದ ಮೊದಲ ಹುಟ್ಟುಹಬ್ಬ ಎರಡನೆಯದಾಗಿತ್ತು.

ಫೋಟೋ ತೋರಿಸುತ್ತಿದ್ದವರು ತಲೆ ಎತ್ತಿ ಏನೋ ಕೇಳಿದರು, ಕೇಳುತ್ತ ತಮ್ಮ ಕಿವಿಯ ಹಾಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ತೋರಿಸಿದರು. ದುಭಾಷಿ ಹೇಳಿದರು: "ಈಗಲೂ ಕಿವಿ ಹಿಡಿದುಕೊಂಡೇ ಮಲಗುತ್ತಾಳಾ ಎಂದು ಕೇಳುತ್ತಿದ್ದಾರೆ."

ಮಗಳು ನನ್ನ ಕಡೆ ನೋಡಿದಳು. ನಾನು ಮೇಜಿನ ಕಡೆ ನೋಡಿದೆ. ಹದಿಮೂರನೆಯ ರಾತ್ರಿ ನನ್ನ ಕಿವಿಯನ್ನು ಹುಡುಕಿಕೊಂಡು ಬಂದ ಬೆರಳು ಹುಡುಕುತ್ತಿದ್ದದ್ದು ಈ ಕಿವಿಯನ್ನು. ನಾನು ಸಿಕ್ಕಿದ್ದೆ, ಅಷ್ಟೇ. ಆ ಹನ್ನೊಂದು ತಿಂಗಳನ್ನು ನಮ್ಮ ಮನೆಯಲ್ಲಿ "ನಾವು ಕಾಯುತ್ತಿದ್ದ ಕಾಲ" ಎಂದೇ ಕರೆಯುತ್ತಿದ್ದೆವು. ಅಷ್ಟೂ ಕಾಲ ಈ ಹೆಂಗಸು ಮೀಯಿಸಿ, ಹಲ್ಲು ಮೂಡುವುದನ್ನು ಕಾದು, ನಿದ್ದೆಗೆಟ್ಟು ಮಗು ಬೆಳೆಸಿದ್ದರು. ಹೊಟ್ಟೆಕಿಚ್ಚು ಪಡಬೇಕಾದದ್ದು ಹೆತ್ತವಳ ಮೇಲೆ ಎಂದು ತಯಾರಾಗಿ ಬಂದಿದ್ದೆ, ಅದು ಬಂದದ್ದು ಇವರ ಮೇಲೆ. ಅರ್ಧ ನಿಮಿಷ ಇತ್ತು. ಆಮೇಲೆ "ಆರು ವರ್ಷದ ತನಕ ಹಾಗೆಯೇ ಮಲಗುತ್ತಿದ್ದಳು," ಎಂದೆ. ಅವರು ತೊಡೆ ತಟ್ಟಿಕೊಂಡು ನಕ್ಕರು.

ಎರಡನೆಯ ಚೀಲದಲ್ಲಿ ಇದ್ದದ್ದು 'ಪೊದೇಗಿ', ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹೊಲಿದ ದುಪ್ಪಟಿ, ಎರಡು ಉದ್ದನೆಯ ಪಟ್ಟಿ. ಒಗೆದು ಒಗೆದು ಮೆತ್ತಗಾಗಿತ್ತು, ಹೂವಿನ ಚಿತ್ತಾರ ಅಳಿಸಿಹೋಗಿತ್ತು. ನನ್ನನ್ನು ಎಬ್ಬಿಸಿ ನಿಲ್ಲಿಸಿ, ಸೋಫಾದ ದಿಂಬನ್ನು ಬೆನ್ನಿಗೆ ಒತ್ತಿ, ದುಪ್ಪಟಿ ಸುತ್ತಿ, ಪಟ್ಟಿಗಳನ್ನು ಎದೆಯ ಮೇಲಿನಿಂದ ಹಿಂದೆ ಒಯ್ದು, ದಿಂಬಿನ ಅಡಿಯಲ್ಲಿ ಅಡ್ಡ ಹಾಯಿಸಿ, ಮುಂದೆ ಬಿಗಿಯಾಗಿ ಗಂಟು ಹಾಕಿದರು. ಸೊಂಟ ತಟ್ಟಿ, ಮುಂದೆ ಬಾಗು ಎಂದು ಸನ್ನೆ ಮಾಡಿದರು. ನನಗೆ ಐವತ್ತೆರಡು ವರ್ಷ. ದಿಂಬು ಹೊತ್ತುಕೊಂಡು ಆ ಕೋಣೆಯಲ್ಲಿ ಅತ್ತ ಇತ್ತ ನಾಲ್ಕು ಹೆಜ್ಜೆ ನಡೆದೆ. ಮಗ ವೀಡಿಯೋ ಮಾಡಿಕೊಂಡ. ಅವರು ಪಕ್ಕದಲ್ಲಿ ನಡೆಯುತ್ತ ದಿಂಬಿನ ಅಡಿಗೆ ಮೆಲ್ಲಗೆ ತಟ್ಟುತ್ತಿದ್ದರು.

ಹೊರಡುವಾಗ ದುಭಾಷಿ, ನಿಮ್ಮ ಭಾಷೆಯಲ್ಲಿ ಇವರಿಗೆ ಏನೆನ್ನುತ್ತೀರಿ ಎಂದು ಕೇಳಿದರು. ನಮ್ಮ ಮನೆಯವರು ಯೋಚಿಸದೆ "ಸಾಕುತಾಯಿ" ಎಂದು ಬಿಟ್ಟರು. ಹಾಗಾದರೆ ನಿಮ್ಮ ಹೆಂಡತಿಗೆ? ಇವರು ಒಂದು ಕ್ಷಣ ತಡೆದು, "ಅದೇ," ಎಂದರು.

ಮಗನನ್ನು ಸಾಕಿದವರು ಊರು ಬಿಟ್ಟು ಹೋಗಿದ್ದರು, ಸಂಪರ್ಕ ಸಿಗಲಿಲ್ಲ. ಅವನು ಭುಜ ಹಾರಿಸಿದ. ಆ ರಾತ್ರಿ ಜಾಮ್ಸಿಲ್‌ನಲ್ಲಿ ಪಕ್ಕದ ಸೀಟಿನವರೊಬ್ಬರು ಅವನಿಗೆ ಕರಿದ ಕೋಳಿಯ ತುಂಡು ಕೊಟ್ಟು, ಪ್ರತಿ ಆಟಗಾರನ ಹಾಡಿಗೂ ಕೈ ಹೇಗೆ ಬೀಸಬೇಕೆಂದು ಕಲಿಸಿ, ಒಂಬತ್ತು ಇನಿಂಗ್ಸ್ ಮುಗಿಯುವ ತನಕ ಕೊರಿಯನ್‌ನಲ್ಲಿ ಮಾತಾಡಿದರು. ಮಗ ಎಲ್ಲಕ್ಕೂ "ನೇ, ನೇ" ಎಂದ, ಹೌದು ಹೌದು ಎಂದು. ಅವನಿಗೆ ಗೊತ್ತಿದ್ದ ಪದ ಅದೊಂದೇ. ಇಬ್ಬರಿಗೂ ಏನೂ ಕೊರತೆಯಾಗಲಿಲ್ಲ.

ಡೇಗುವಿಗೆ ರೈಲಿನಲ್ಲಿ ಎರಡು ಗಂಟೆಯೂ ಬೇಡ. ಮಗಳು ಹುಟ್ಟಿದ ಆಸ್ಪತ್ರೆಯ ಜಾಗದಲ್ಲಿ ಈಗ ವಾಹನ ನಿಲುಗಡೆ ಕಟ್ಟಡವಿದೆ. ಹತ್ತು ನಿಮಿಷ ನಿಂತು, ಸೊಮುನ್ ಮಾರುಕಟ್ಟೆಗೆ ಹೋಗಿ ಚಪ್ಪಟೆ ಮಂಡು ತಿಂದೆವು. ತಿನ್ನುವಾಗ ಮಗಳ ಕಣ್ಣು ತಟ್ಟೆಯ ಮೇಲಿರಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸರು ಹೋದರೆ ಅವರ ಎತ್ತರ ಅಳೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಅಳೆಯತೊಡಗಿದೆ.

ವಾಪಸು ಬಂದ ಮರುವರ್ಷ, 2025ರ ಮಾರ್ಚಿನಲ್ಲಿ, ಕೊರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗದ ವರದಿ ಬಂತು. ದೂರು ಕೊಟ್ಟಿದ್ದ 367 ಮಂದಿಯಲ್ಲಿ 56 ಮಂದಿಯ ಹಕ್ಕು ಉಲ್ಲಂಘನೆಯನ್ನು ಅದು ಮೊದಲ ಹಂತದಲ್ಲಿ ಒಪ್ಪಿತು. ಹೆತ್ತವರಿದ್ದ ಮಕ್ಕಳನ್ನು ಅನಾಥರೆಂದು ಬರೆದದ್ದು, ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಹಚ್ಚಿದ್ದು, ಎಲ್ಲ ಅದರಲ್ಲಿತ್ತು. ಅಕ್ಟೋಬರಿನಲ್ಲಿ ಅಧ್ಯಕ್ಷ ಲೀ ಜೇ ಮ್ಯುಂಗ್ ಕ್ಷಮೆ ಕೇಳಿದರು. ಆ ದೂರುಗಳೆಲ್ಲ ಇಪ್ಪತ್ತನೆಯ ಶತಮಾನದವು, ನಮ್ಮ ಮಕ್ಕಳು ಆಮೇಲಿನವರು. ಅಷ್ಟಕ್ಕೇ ನಿಶ್ಚಿಂತೆಯಿಂದ ಇರಲು ನನಗೆ ಆಗಲಿಲ್ಲ. ಖಾಲಿ ಬಿಟ್ಟ ತಂದೆತಾಯಿಯ ಜಾಗವನ್ನು ನಾನೇ ಕಣ್ಣಾರೆ ನೋಡಿದ್ದೆ, ಅದರ ಪಕ್ಕದ ಪುಟದಲ್ಲೇ ತಾಯಿಯ ಎತ್ತರವೂ ಇತ್ತು. ವರದಿಯನ್ನು ಮಗಳಿಗೆ ಕಳಿಸಿದೆ. "ಓದಿದ್ದೇನೆ ಅಮ್ಮ, ನಿನಗಿಂತ ಮೊದಲೇ," ಎಂದು ಉತ್ತರಿಸಿದಳು.

ಸೋಲ್ ಬಿಡುವ ಹಿಂದಿನ ದಿನ ಅವಳು ಕಚೇರಿಗೆ ಮತ್ತೊಮ್ಮೆ ಹೋಗಿದ್ದಳು. ಹೆತ್ತವರು ಎಂದಾದರೂ ಬಂದು ಕೇಳಿದರೆ ಕೊಡಲೆಂದು ಕಡತದಲ್ಲಿ ಒಂದು ಕಾಗದ ಇಟ್ಟು ಬರಬಹುದಿತ್ತು. ಹಿಂದಿನ ರಾತ್ರಿ ಹೋಟೆಲಿನಲ್ಲಿ ಕುಳಿತು ಹಂಗುಲ್ ಅಕ್ಷರಗಳನ್ನು ಒಂದೊಂದಾಗಿ ನೋಡಿ ನೋಡಿ ಬರೆದಳು, ಮೂರು ಹಾಳೆ ಹರಿದಳು. ನನಗೆ ತೋರಿಸಿದ್ದು ಮೊದಲ ಸಾಲು ಮಾತ್ರ. "ನಾನು ಊಟ ಚೆನ್ನಾಗಿ ಮಾಡುತ್ತಿದ್ದೇನೆ." ಅದರ ಜೊತೆ ತನ್ನ ಒಂದು ಫೋಟೋ ಇಟ್ಟಳು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತದ್ದು.

2025ರ ಜುಲೈಯಲ್ಲಿ ಹೊಸ ಕಾನೂನು ಜಾರಿಗೆ ಬಂದು, ಸಂಸ್ಥೆಗಳ ಕೈಯಲ್ಲಿದ್ದ ಕಡತಗಳೆಲ್ಲ ಸರ್ಕಾರದ ಮಕ್ಕಳ ಹಕ್ಕುಗಳ ಕೇಂದ್ರದ ಪಾಲಿಗೆ ಬಂದವು. ಕಡತದ ಜೊತೆ ತನ್ನ ಕಾಗದವೂ ಹೋಯಿತೇ ಎಂದು ಮಗಳು ಬರೆದು ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಈ ಸಲ ನಾನೂ ಬೆಳಿಗ್ಗೆ ಎದ್ದ ತಕ್ಷಣ ಅವಳಿಗೆ ಫೋನ್ ಮಾಡಿ, ಊಟ ತಿಂಡಿ ಕೇಳಿ, ಬಂತಾ ಎಂದು ಕೇಳುತ್ತೇನೆ.